ಏಳು ಮಾತ್ರೆಯ ದಾರಿ: ಗದಗ, ಶಿಶುನಾಳ, ಧಾರವಾಡ

ಗದಗಿನ ವೀರನಾರಾಯಣ ದೇವಸ್ಥಾನದಲ್ಲಿ ಕುಮಾರವ್ಯಾಸನ ಹೆಸರಿನ ಕಂಬವೊಂದಿದೆ. ಕೋನೇರಿಯಲ್ಲಿ ಮಿಂದು ಬಂದ ಕವಿ ಉಟ್ಟ ಒದ್ದೆ ಬಟ್ಟೆ ಆರುವ ತನಕ ಆ ಕಂಬಕ್ಕೊರಗಿ ಭಾರತವನ್ನು ರಚಿಸುತ್ತಿದ್ದ ಎಂಬುದು ಪ್ರತೀತಿ. ಹಾಡು ಕಟ್ಟುವವರು ಇಲ್ಲಿಂದಲೇ ಹೊರಡಬೇಕು ಎನ್ನಲು ಪ್ರತೀತಿಗಿಂತ ಗಟ್ಟಿಯಾದ ಕಾರಣವಿದೆ. ಹತ್ತು ಪರ್ವಗಳ ಕಥೆಯನ್ನು ಆ ಕವಿ ಭಾಮಿನಿ ಷಟ್ಪದಿಯೊಂದರಲ್ಲೇ ಹೇಳಿ ಮುಗಿಸಿದ. ಯುದ್ಧ, ಜೂಜು, ಗೋಳು, ನಗೆ ಎಲ್ಲಕ್ಕೂ ಅದೇ ಅಳತೆ. ಸಾಹಿತ್ಯದಿಂದ ಹಾಡಿಗೆ ಏನನ್ನು ತರಬೇಕು ಎಂದು ಕೇಳುವವರಿಗೆ ನಮ್ಮ ಉತ್ತರವೂ ಇದೇ: ಮೊದಲು ಅಳತೆಯನ್ನು ತನ್ನಿ, ಮಾತು ಆಮೇಲೆ ಬರುತ್ತದೆ.

ಡಿಸೆಂಬರಿನ ಈ ಪ್ರವಾಸದಲ್ಲಿ ಜೊತೆಗಿದ್ದವಳು ತನ್ನ ಹಾಡುಗಳನ್ನು ತಾನೇ ಬರೆದು, ಗಿಟಾರ್ ಹಿಡಿದು ಹಾಡುವ ಯುವತಿ. ದಾರಿ ಗದಗದಿಂದ ಹುಬ್ಬಳ್ಳಿ, ಅಲ್ಲಿಂದ ಶಿಶುನಾಳ, ಕೊನೆಗೆ ಧಾರವಾಡ. ಧಾರವಾಡದಲ್ಲಿ ಸಂಜೆ 40 ನಿಮಿಷಗಳ ಕಾರ್ಯಕ್ರಮ ಗೊತ್ತಾಗಿತ್ತು. ಅದರಲ್ಲಿ ಒಂದು ಹಾಡಾದರೂ ದಾರಿಯಲ್ಲೇ ಹುಟ್ಟಿದ್ದಾಗಿರಬೇಕು ಎಂಬುದು ಆಕೆಯ ಹಟ.

ಭಾಮಿನಿಯ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡೇ ಗದಗದ ರೈಲು ಹತ್ತುವುದು ಒಳ್ಳೆಯದು. ಆರು ಸಾಲಿನ ಈ ಪದ್ಯದಲ್ಲಿ ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ; ದೀರ್ಘಾಕ್ಷರ ಅಥವಾ ಒತ್ತಕ್ಷರದ ಹಿಂದಿನ ಅಕ್ಷರ ಗುರು, ಎರಡು ಮಾತ್ರೆ. 1, 2, 4, 5ನೇ ಸಾಲುಗಳಲ್ಲಿ 3+4+3+4, ಅಂದರೆ 14 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ ಇದೇ 3+4 ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23 ಮಾತ್ರೆ. ಇಡೀ ಪದ್ಯಕ್ಕೆ 102. ತಾಳಕ್ಕೆ ಕೂರಿಸಿದರೆ ಇದು ಮಿಶ್ರ ಛಾಪು: ತಕಿಟ ತಕಧಿಮಿ. ಹಿಂದೂಸ್ತಾನಿಯವರು ರೂಪಕ ಹಾಕುತ್ತಾರೆ, 3+2+2. ಚಿಕ್ಕ ಸಾಲಿಗೆ ಸರಿಯಾಗಿ ಎರಡು ಆವರ್ತ, ಅಂದರೆ ತಾಳದ ಎರಡು ಸುತ್ತು. ಉದ್ದ ಸಾಲಿನಲ್ಲಿ ಮೂರು ಆವರ್ತ ಮುಗಿದು ಎರಡು ಮಾತ್ರೆ ಉಳಿಯುತ್ತವೆ. ಅದಕ್ಕೆ 5 ಮಾತ್ರೆಗಳ ಬಿಡುವು ಕೂಡಿಸಿದರೆ ನಾಲ್ಕನೇ ಆವರ್ತ ತುಂಬುತ್ತದೆ. ಹಾಗಾಗಿ ಅರ್ಧ ಪದ್ಯಕ್ಕೆ 8 ಆವರ್ತ, ಪೂರ್ತಿ ಪದ್ಯಕ್ಕೆ 16. ಗಿಟಾರಿನವರಿಗೆ ಇದಕ್ಕಿಂತ ಅನುಕೂಲದ ಚೌಕಟ್ಟು ಬೇರೆ ಬೇಕಿಲ್ಲ.

ಗದಗ ಬಿಟ್ಟ ರೈಲು ಅಣ್ಣಿಗೇರಿಯ ಮೇಲೆ ಹಾದು ಹುಬ್ಬಳ್ಳಿಗೆ ಬರುತ್ತದೆ. ಅಣ್ಣಿಗೇರಿ ಪಂಪನ ಊರು. ಕುಮಾರವ್ಯಾಸ ಹುಟ್ಟಿದ ಕೋಳಿವಾಡ ಹುಬ್ಬಳ್ಳಿ ತಾಲ್ಲೂಕಿನದು. ಆದಿಕವಿಯಿಂದ ಷಟ್ಪದಿಯ ಕವಿಯವರೆಗಿನ ದಾರಿ ಇಲ್ಲಿ ಒಂದು ಪ್ಯಾಸೆಂಜರ್ ರೈಲಿನ ಪಯಣದಷ್ಟು ಹತ್ತಿರ. ಎರಡೂ ಬದಿಗೆ ಎರೆಹೊಲ, ಒಡೆದ ಹತ್ತಿ. ಆಕೆ ಡೈರಿಯಲ್ಲಿ ಬರೆದುಕೊಂಡ ಅರ್ಧ ಪದ್ಯ ಹೀಗಿತ್ತು:

ರೈಲು ದಾರಿಯ ಬದಿಯ ಹತ್ತಿಯ
ಸಾಲು ಸಾಲಿಗೆ ಬಿಳಿಯ ನಗೆಯಿದೆ
ಗಾಲಿ ಹಾಡಿಗೆ ತಾಳ ಹಿಡಿದಿದೆ ಕಿಟಕಿ ತೆರೆದಿದೆ ಬಾ

ಎಣಿಸಿ ನೋಡಬಹುದು: 14, 14, 23. ಎರಡನೇ ಅಕ್ಷರ ಮೂರೂ ಸಾಲಿನಲ್ಲಿ ಲಕಾರ, ಮೊದಲಕ್ಷರ ಮೂರರಲ್ಲೂ ಗುರು. ಆದಿಪ್ರಾಸಕ್ಕೆ ಅಷ್ಟು ಬೇಕೇ ಬೇಕು. ಕೊನೆಯ ‘ಬಾ’ ಒಂದೇ ಇಡೀ ಆವರ್ತವನ್ನು ತುಂಬುತ್ತದೆ. ತೆರೆದ ಬಾಯಿಯ ಸ್ವರವಾದ್ದರಿಂದ ಮೇಲಿನ ಷಡ್ಜದಲ್ಲೂ ನಿಲ್ಲುತ್ತದೆ. ಅದೇ ಜಾಗದಲ್ಲಿ ‘ನೀ’ ಎಂದಿದ್ದರೆ ಗಂಟಲು ಬಿಗಿಯುತ್ತಿತ್ತು. ಗಿಟಾರಿನಲ್ಲಿ ಆವರ್ತಕ್ಕೊಂದು ಕಾರ್ಡ್, ಮೊದಲ ಮತ್ತು ನಾಲ್ಕನೇ ಮಾತ್ರೆಗೆ ಹೆಬ್ಬೆರಳಿನಲ್ಲಿ ದಪ್ಪ ತಂತಿ. ನಿಮಿಷಕ್ಕೆ 200 ಮಾತ್ರೆಯ ಓಟದಲ್ಲಿ ಪೂರ್ತಿ ಪದ್ಯಕ್ಕೆ ಬಿಡುವೂ ಸೇರಿ 112 ಮಾತ್ರೆ, ಸುಮಾರು 34 ಸೆಕೆಂಡ್.

ತಪ್ಪುವುದು ಎರಡು ಕಡೆ. 5 ಮಾತ್ರೆಗಳ ಬಿಡುವನ್ನು ನುಂಗಿ ಮುಂದಿನ ಸಾಲಿಗೆ ಜಿಗಿಯುವುದು ಒಂದು. ತಬಲಾದವರು ಸಮಕ್ಕೆ, ಅಂದರೆ ಆವರ್ತದ ಮೊದಲ ಮಾತ್ರೆಗೆ, ಬಂದಾಗ ಹಾಡುವವರು ಆರನೇ ಮಾತ್ರೆಯಲ್ಲಿರುತ್ತಾರೆ. ಒಮ್ಮೆ ಜಾರಿದರೆ ಆ ಪದ್ಯ ಮುಗಿಯುವ ತನಕ ಸರಿಹೋಗುವುದಿಲ್ಲ. ಇನ್ನೊಂದು, ಮೂರು–ನಾಲ್ಕರ ಗಡಿಯಲ್ಲೆಲ್ಲ ಒತ್ತು ಕೊಡುವುದು. ಷಟ್ಪದಿಯಲ್ಲಿ ಶಬ್ದಗಳು ಗಣದ (ಮೂರು, ನಾಲ್ಕು ಮಾತ್ರೆಯ ಗುಂಪಿನ) ಗಡಿ ದಾಟಿ ಹರಿಯುತ್ತವೆ. ಗಡಿಗಡಿಗೂ ಒತ್ತಿದರೆ ಶಬ್ದ ತುಂಡಾಗಿ ಅರ್ಥ ಹಾರಿಹೋಗುತ್ತದೆ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ತಾಳದ ಕಟ್ಟಿಲ್ಲದೆ, ಅರ್ಥಕ್ಕೆ ತಕ್ಕಂತೆ ಪದ ಬಿಡಿಸಿ ವಾಚನ ಮಾಡುವುದು ಇದಕ್ಕೇ. ತಾಳಕ್ಕೆ ಹಾಡುವವರು ಕೂಡ ಮೊದಲು ಪದ್ಯವನ್ನು ಗಮಕದ ಹಾಗೆ ಬಿಡಿಯಾಗಿ ಓದಿ, ಆಮೇಲೆ ಗಿಟಾರ್ ಎತ್ತಿಕೊಳ್ಳಬೇಕು. ರಾಗ ಹಾಕುವಾಗ ಲಘುವನ್ನು ಎಳೆದರೂ ಪೆಟ್ಟೇ: ‘ಮಡು’ ಎಳೆದರೆ ‘ಮಾಡು’ ಆಗಿ, ಕೇಳುವವರಿಗೆ ನೀರಿನ ಮಡು ಹೋಗಿ ಮಾಡುವ ಕೆಲಸ ಉಳಿಯುತ್ತದೆ.

ಗದಗದಲ್ಲಿ ನೋಡಲೇಬೇಕಾದ ಇನ್ನೊಂದು ಜಾಗ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬೆಳೆಸಿದ ಸ್ಥಳ. ಕಾಗದ ನೋಡದೆ ಕಿವಿಯಿಂದಲೇ ಸಾಹಿತ್ಯ ಕಲಿಯುವ ಪಾಠ ಅಲ್ಲಿ ದಿನವೂ ನಡೆಯುತ್ತದೆ. ಮೊಬೈಲಿನಲ್ಲಿ ಸಾಹಿತ್ಯ ನೋಡುತ್ತ ವೇದಿಕೆಯ ಮೇಲೆ ಹಾಡುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಹುಬ್ಬಳ್ಳಿಯಿಂದ ಶಿಶುನಾಳಕ್ಕೆ ಹೆದ್ದಾರಿ ಹಿಡಿದು ಶಿಗ್ಗಾವಿ ಕಡೆಯಿಂದ ಹೋಗಬಹುದು, ಕುಂದಗೋಳದ ಕಡೆಯಿಂದಲೂ ಹೋಗಬಹುದು. ನಮ್ಮ ಒಲವು ಕುಂದಗೋಳಕ್ಕೆ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರನ್ನು ಹಾದುಹೋಗುವ ಖುಷಿ ಸಿಗುತ್ತದೆ. ಬಸ್ಸಿನಲ್ಲಿ ಗಿಟಾರನ್ನು ಮೇಲಿನ ಕ್ಯಾರಿಯರಿನಲ್ಲಿ ಮಲಗಿಸಬೇಡಿ. ಬಿಸಿಲಿಗೆ ಕಾದ ತಗಡಿನ ಕೆಳಗೆ ಅಂಟು ಮೆತ್ತಗಾಗಿ ಬ್ರಿಜ್ ಮೇಲೇಳುವ ಭಯವಿದೆ. ತಂತಿಗಳನ್ನು ಒಂದು ಸ್ವರ ಇಳಿಸಿ, ಗಟ್ಟಿ ಕೇಸಿನಲ್ಲಿಟ್ಟು, ಕಾಲುಗಳ ನಡುವೆ ನಿಲ್ಲಿಸಿಕೊಳ್ಳುವುದೇ ಕ್ಷೇಮ.

ಶಿಶುನಾಳದಲ್ಲಿ ತತ್ವಪದಗಳ ಶರೀಫರ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಶರೀಫರು 1819ರಿಂದ 1889ರ ತನಕ ಬದುಕಿದ್ದವರು. ಗುರು ಕಳಸದ ಗೋವಿಂದ ಭಟ್ಟರು. ಇಲ್ಲಿ ಕಲಿಯಬೇಕಾದದ್ದು ಅವರ ಪದದ, ಅಂದರೆ ಹಾಡಿನ, ಕಟ್ಟು. ಪಲ್ಲವಿ ಚಿಕ್ಕದು, ಒಮ್ಮೆ ಕೇಳಿದರೆ ಬಾಯಿಗೆ ಬರುವಂಥದ್ದು. ನುಡಿಗಳು ಕೆಲವೇ, ಕೊನೆಯ ನುಡಿಯಲ್ಲಿ ಶಿಶುನಾಳಧೀಶನ ಅಂಕಿತ. ವಸ್ತು ಎದುರಿಗೆ ಕಾಣುವಂಥದ್ದೇ: ಸೋರುವ ಮಾಳಿಗೆ, ಕೋಳಿ, ತಂಬೂರಿ. ಮೊದಲ ನುಡಿಯಲ್ಲಿ ಮಾಳಿಗೆ ಮಾಳಿಗೆಯಾಗಿಯೇ ಸೋರಬೇಕು. ಒಳಗಿನ ಅರ್ಥ ನುಡಿಯಿಂದ ನುಡಿಗೆ ತಾನಾಗಿ ಏರುತ್ತದೆ. ಹೊಸದಾಗಿ ಬರೆಯುವವರು ಮೊದಲ ಸಾಲಿನಲ್ಲೇ ತತ್ವ ಹೇಳಿಬಿಡುತ್ತಾರೆ, ಆಮೇಲೆ ಹಾಡಿಗೆ ಹೋಗಲು ಜಾಗವೇ ಇರುವುದಿಲ್ಲ.

ಭಜನೆಯವರ ಪದ್ಧತಿ ಗಮನಿಸಿ. ಏಕತಾರಿ, ದಮ್ಮಡಿ, ತಾಳ ಹಿಡಿದ ಮೇಳ ಪಲ್ಲವಿಯನ್ನು ಮರಳಿ ಎತ್ತಿಕೊಂಡಾಗ ಮುಂದಾಳು ಹಾಡುಗಾರನಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ನುಡಿ ನೆನೆಯಲು ಪುರಸೊತ್ತು ಸಿಗುತ್ತದೆ. ಒಬ್ಬರೇ ಹಾಡುವಾಗ ಆ ಪುರಸೊತ್ತನ್ನು ಹಾಡಿನಲ್ಲೇ ಕಟ್ಟಿಕೊಳ್ಳಬೇಕು: ನುಡಿ ಮುಗಿದ ಮೇಲೆ ಎರಡು ಆವರ್ತ ಬರೀ ಗಿಟಾರ್.

ಹಕ್ಕಿನ ಮಾತನ್ನೂ ಇಲ್ಲೇ ಹೇಳಬೇಕು. ಶರೀಫರ ಸಾಹಿತ್ಯ ಎಲ್ಲರದು. ಆದರೆ ಕ್ಯಾಸೆಟ್ಟಿನಲ್ಲಿ ಕೇಳಿದ ಧಾಟಿ ಈ ಕಾಲದ ಸಂಯೋಜಕರದಾಗಿದ್ದರೆ ಅದು ಅವರ ಸ್ವತ್ತು. ಶರೀಫರ ಪದಗಳಿಗೆ ಧಾಟಿ ಹಾಕಿದ ಸಿ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ. ಭಾರತದ ಕಾಯ್ದೆಯಲ್ಲಿ ಕರ್ತೃ ತೀರಿದ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ ಅವರ ಸಾಲುಗಳನ್ನು ಟಿಕೆಟ್ ಇಟ್ಟ ಕಾರ್ಯಕ್ರಮದಲ್ಲಿ ಹಾಡಲು ಅನುಮತಿ ಬೇಕು. ಛಂದಸ್ಸಿಗೆ, ಲಯಕ್ಕೆ, ಕವಿತೆ ಹೊಳೆಯಿಸಿದ ವಿಚಾರಕ್ಕೆ ಯಾರ ಅಪ್ಪಣೆಯೂ ಬೇಡ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು. ಆಫೀಸಿನ ಹೊತ್ತು ತಪ್ಪಿಸಿ ಹತ್ತಿದರೆ ವಾದ್ಯಕ್ಕೂ ಜಾಗ ಇರುತ್ತದೆ. ಸಾಧನಕೇರಿಯಲ್ಲಿ ಕೆರೆ, ಬೇಂದ್ರೆಯವರ ಮನೆ, ಬೇಂದ್ರೆ ಭವನ ಎಲ್ಲ ಹತ್ತಿರ ಹತ್ತಿರ. ಬೇಂದ್ರೆಯವರಲ್ಲಿ ಹಾಡುಗಾರರು ಹುಡುಕಬೇಕಾದದ್ದು ಆಡುಮಾತಿನ ಲಯ. ಓಣಿಯ ಮಾತು, ಬೀಸುವ ಹಾಡು, ಲಾವಣಿಯ ಧಾಟಿ ಅವರಲ್ಲಿ ಕವಿತೆಯಾಗಿವೆ. ಆದರೆ ಮೈಸೂರು ಸೀಮೆಯವರು ಧಾರವಾಡದ ಮಾತನ್ನು ಹಾಗೇ ಎತ್ತಿ ಹಾಡಿಗೆ ಹಾಕಿದರೆ ಅದು ವೇಷವಾಗುತ್ತದೆ. ಕೆರೆಯ ದಂಡೆಯ ಮೇಲೆ ಅರ್ಧ ತಾಸು ಸುಮ್ಮನೆ ಕೂತು ಜನ ಮಾತಾಡುವುದನ್ನು ಕೇಳಿ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಎಳೆಯುತ್ತಾರೆ ನೋಡಿ. ಆಮೇಲೆ ನಿಮ್ಮ ಊರಿನ ಮಾತಿನಲ್ಲಿ ಅಂಥ ಜಾಗಗಳನ್ನು ಹುಡುಕಿ.

ಸಂಜೆಯ ಸಭಾಂಗಣ ಚಿಕ್ಕದು, ಅರವತ್ತು ಕುರ್ಚಿ. ಹಾರ್ಮೋನಿಯಂ ನುಡಿಸಲು ಬಂದಿದ್ದ ಹಿರಿಯರು ಪೆಟ್ಟಿಗೆ ತೆರೆಯುತ್ತಲೇ ಕೇಳಿದರು: “ಯಾವ ಕಾಳಿ ಹಚ್ಚಲಿ ತಂಗಿ?”

“ಕಾಳಿ ಐದ್ರಿ.”

ಕಾಳಿ ಐದು ಎಂದರೆ ಹಾರ್ಮೋನಿಯಂನ ಐದನೇ ಕಪ್ಪು ಮನೆ, ಎ ಶಾರ್ಪ್. ಗಿಟಾರಿನಲ್ಲಿ ಮೊದಲ ಫ್ರೆಟ್ಟಿಗೆ ಕ್ಯಾಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಎ ಆಕಾರ ಹಿಡಿದರೆ ಸರಿ. ಕಾಳಿ ಒಂದಕ್ಕೆ ಅದೇ ಕ್ಯಾಪೋ, ಸಿ ಆಕಾರ. ಕಾಳಿ ನಾಲ್ಕಕ್ಕೆ ಜಿ ಆಕಾರ. ಹಳೆಯ ಹಾರ್ಮೋನಿಯಂಗಳು ಟ್ಯೂನರಿನ 440 ಹರ್ಟ್ಜ್ ಶ್ರುತಿಗೆ ಕೂಡದೆ ಇರುವುದು ಸಾಮಾನ್ಯ. ರೀಡು ಬದಲಾಗುವುದಿಲ್ಲ, ತಂತಿ ಬದಲಾಗುತ್ತದೆ. ಆದ್ದರಿಂದ ಟ್ಯೂನರನ್ನು ಬದಿಗಿಟ್ಟು, ಕ್ಯಾಪೋ ಹಾಕಿದ ಮೇಲೆ, ಗಿಟಾರನ್ನು ಪೆಟ್ಟಿಗೆಗೆ ಕೂಡಿಸಬೇಕು.

ಸೌಂಡ್ ಚೆಕ್‌ಗೆ 20 ನಿಮಿಷ ಕೇಳಿ ಇಟ್ಟುಕೊಳ್ಳಿ. ಪಿಕಪ್‌ನ 9 ವೋಲ್ಟ್ ಬ್ಯಾಟರಿ ಹೊಸದಿರಲಿ. ಗಿಟಾರಿನಿಂದ ಡಿಐ ಬಾಕ್ಸಿಗೆ (ಗಿಟಾರಿನ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಸಾಧನ) ಚಿಕ್ಕ ಕೇಬಲ್, ಅಲ್ಲಿಂದ ಮಿಕ್ಸರಿಗೆ ಎಕ್ಸ್‌ಎಲ್‌ಆರ್. ಉದ್ದನೆಯ ಸಾದಾ ಕೇಬಲ್ ಎಳೆದರೆ ಗುಂಯ್ ಸದ್ದು ಹಿಡಿಯುತ್ತದೆ. ಡಿಐ ಆಕ್ಟಿವ್ ಆಗಿದ್ದರೆ ಮಿಕ್ಸರಿನಿಂದ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಹಾಕಲು ಹೇಳಿ, ಆದರೆ ಹಾಕುವಾಗ ಆ ಚಾನಲ್ ಮ್ಯೂಟ್ ಆಗಿರಲಿ. ಹಾಡುವವರು ತಮ್ಮ ದನಿ ಕೇಳಿಸಿಕೊಳ್ಳುವ ಮಾನಿಟರ್ ಸ್ಪೀಕರು ಮೈಕಿನ ಬೆನ್ನಿಗೆ ನೇರ ಇರಬೇಕು. ದಪ್ಪ ತಂತಿ ಮೀಟಿದಾಗ ಗಿಟಾರ್ ಊಳಿಟ್ಟರೆ, ಅದು 100 ಹರ್ಟ್ಜ್ ಆಸುಪಾಸಿನಲ್ಲಿ ಗಿಟಾರಿನ ಒಡಲೊಳಗಿನ ಗಾಳಿ ಮೊಳಗುವ ಸದ್ದು. ಅಲ್ಲಿ ಸ್ವಲ್ಪ ಇಳಿಸಿ, ತೂತಿಗೆ ರಬ್ಬರ್ ಮುಚ್ಚಳ ಹಾಕಿದರೆ ನಿಲ್ಲುತ್ತದೆ. ಎಲ್ಲ ದನಿಯನ್ನೂ ತಗ್ಗಿಸಿದರೆ ಹಾಡೇ ಹೋಗುತ್ತದೆ.

ಮೈಕಿಗೂ ಬಾಯಿಗೂ ನಾಲ್ಕು ಬೆರಳಿನ ಅಂತರ, ಮೈಕು ಚೂರು ಓರೆಯಾಗಿ. ಪ, ಫ, ಭ ಬಂದಾಗ ಗಾಳಿ ನೇರ ಬಡಿಯದಿರಲು ಈ ಓರೆ. ಕೇಳುವವರಿಗೆ ಹೊಸ ಸಾಹಿತ್ಯದ ಪ್ರತಿ ಅಕ್ಷರವೂ ಬೇಕು. ಪರಿಚಿತ ಹಾಡಿನಲ್ಲಿ ಮುಚ್ಚಿಹೋಗುವ ಅಸ್ಪಷ್ಟತೆ ಇಲ್ಲಿ ಮುಚ್ಚುವುದಿಲ್ಲ.

ನಲವತ್ತು ನಿಮಿಷಕ್ಕೆ ಎಂಟು ಹಾಡು ಸಾಕು: ತಲಾ 4 ನಿಮಿಷ, ಉಳಿದ 8 ನಿಮಿಷ ಮಾತಿಗೂ ಶ್ರುತಿಗೂ. ಹಾಡು ಯಾವ ಓದಿನಿಂದ ಬಂತು ಎಂಬ ಪೀಠಿಕೆ ಎರಡು ವಾಕ್ಯ ಮೀರಬಾರದು. ಒಂದೇ ಶ್ರುತಿಯ ಹಾಡುಗಳನ್ನು ಒಟ್ಟಿಗೆ ಜೋಡಿಸಿದರೆ ಕ್ಯಾಪೋ ಕದಲಿಸುವ ಕೆಲಸ ಕಡಿಮೆ. ರೈಲಿನ ಭಾಮಿನಿಯನ್ನು ಆಕೆ ಮೂರನೆಯದಾಗಿ ಹಾಡಿದಳು. ಮೊದಲನೆಯದಾಗಿ ಇಟ್ಟಿದ್ದರೆ ಏಳರ ನಡೆ ಜನರ ಕಿವಿಗೆ ಕೂರುತ್ತಿರಲಿಲ್ಲ, ಚಪ್ಪಾಳೆ ತಪ್ಪಿ ತಾಳವೂ ಕೆಡುತ್ತಿತ್ತು. ಮುಂದಿನ ಸಾಲಿನವರು ‘ಬಾ’ದ ಹೊತ್ತಿಗೆ ತಲೆದೂಗಿದರು. ಹಿಂದಿನವರಿಗೆ ‘ಕಿಟಕಿ ತೆರೆದಿದೆ’ ಕೇಳಲೇ ಇಲ್ಲ: ಏಳು ಲಘುಗಳು ಸಾಲಾಗಿ ಬಂದು ಸಭಾಂಗಣದ ಮಾರ್ದನಿಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಆಕೆ ರಾತ್ರಿಯೇ ಓಟವನ್ನು 200ರಿಂದ 180ಕ್ಕೆ ಇಳಿಸಿಕೊಂಡಳು. ಪದ್ಯ 37 ಸೆಕೆಂಡಿಗೆ ಹೋಗುತ್ತದೆ, ಹಾಡಿಗೆ ಅದರಿಂದ ನಷ್ಟವಿಲ್ಲ.