ಅಪ್ಪನ ಪದವಿ, ಮಗಳ ಸೀಟು

2025 ಆಗಸ್ಟ್ 10, ಭಾನುವಾರ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸುದ್ದಿ ಓದಿದಾಗಿನಿಂದ ಮನಸ್ಸು ಕುದಿಯುತ್ತಿದೆ. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಪ್ರವೇಶದಲ್ಲಿ ತೋರುವ ಒಲವನ್ನು ಅದು ಬಿಡುವುದಿಲ್ಲವಂತೆ. ಕ್ಯಾಲಿಫೋರ್ನಿಯಾ 2024ರಲ್ಲಿ ಈ ಪದ್ಧತಿಯನ್ನು ನಿಷೇಧಿಸಿತು, ದೇಣಿಗೆ ಕೊಟ್ಟವರ ಮಕ್ಕಳನ್ನೂ ಸೇರಿಸಿ. 2025ರ ಸೆಪ್ಟೆಂಬರ್ 1ರಿಂದ ಜಾರಿ. ಸ್ಟ್ಯಾನ್‌ಫರ್ಡ್ ಈ ನಿಷೇಧದಿಂದ ತಪ್ಪಿಸಿಕೊಳ್ಳಲು ರಾಜ್ಯದ ವಿದ್ಯಾರ್ಥಿವೇತನ ಯೋಜನೆಯಿಂದಲೇ ಹೊರಬಂದು, ಆ ಹಣವನ್ನು ತಾನೇ ಭರಿಸಲಿದೆ. ಬಡ ವಿದ್ಯಾರ್ಥಿಗೆ ನಷ್ಟವಿಲ್ಲ, ಒಪ್ಪೋಣ. ಆದರೂ ಕೈಯಿಂದ ಹಣ ತೆತ್ತು ಉಳಿಸಿಕೊಳ್ಳುವಷ್ಟು ಲಾಭ ಅದರಲ್ಲಿದೆ ಎಂದಾಯಿತು.

2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್, ಹಾರ್ವರ್ಡ್ ವಿಶ್ವವಿದ್ಯಾಲಯದ ವಿರುದ್ಧದ ಮೊಕದ್ದಮೆಯಲ್ಲಿ, ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದಕ್ಕೆ ತಡೆ ಹಾಕಿದಾಗ, ಪ್ರತಿಭೆಗೆ ಜಯವಾಯಿತು ಎಂಬ ಮಾತು ಎಲ್ಲೆಡೆ ಕೇಳಿಬಂತು. ಆ ಮೊಕದ್ದಮೆಯಿಂದ ಹೊರಬಿದ್ದ ಅಂಕಿಅಂಶಗಳನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದರು: ಪ್ರವೇಶ ಸಿಕ್ಕ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ 43ಕ್ಕೂ ಹೆಚ್ಚು ಮಂದಿ ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಅಥವಾ ಸಿಬ್ಬಂದಿಯ ಮಕ್ಕಳು, ಇಲ್ಲವೇ ಡೀನ್ ಅವರ ವಿಶೇಷ ಪಟ್ಟಿಯವರು (ದಾನಿಗಳ ಮಕ್ಕಳಂಥವರು). ತೀರ್ಪಿನ ಪರ ನಿಂತ ನ್ಯಾಯಮೂರ್ತಿ ನೀಲ್ ಗೋರ್ಸಚ್ ಕೂಡ, ಹೆತ್ತವರ ಭಾಗ್ಯ ಹೇಳಿಕೊಳ್ಳಲಾಗದವರಿಗೆ ಇಂಥ ಒಲವಿನಿಂದ ಪ್ರಯೋಜನವಿಲ್ಲವೆಂದು ಬರೆದರು. ಆದರೆ ಅದು ಮೊಕದ್ದಮೆಯ ವಿಷಯವಾಗಿರಲಿಲ್ಲ. ಪದ್ಧತಿ ಹಾಗೆಯೇ ಉಳಿಯಿತು.

ಪ್ರತಿಭೆಯ ಅಳತೆಗೋಲು ಯಾರ ಕೈಯಲ್ಲಿದೆ ಎಂದು ಯೋಚಿಸುವಾಗಲೆಲ್ಲ ನನಗೆ 1920ರ ದಶಕದ ಹಾರ್ವರ್ಡ್ ನೆನಪಾಗುತ್ತದೆ. ಪರೀಕ್ಷೆ ಗೆದ್ದು ಬರುವ ಯಹೂದಿ ಹುಡುಗರ ಪಾಲು ಐದರಲ್ಲೊಂದನ್ನು ದಾಟಿತು. ಅಧ್ಯಕ್ಷ ಲಾರೆನ್ಸ್ ಲೊವೆಲ್ 1922ರಲ್ಲಿ ಅದಕ್ಕೆ ಮಿತಿ ಹಾಕಲು ಹೊರಟರು. ನೇರವಾಗಿ ಮಿತಿ ಹಾಕುವುದಕ್ಕೆ ವಿರೋಧ ಬಂತು. ಆಗ ಮುಂದಕ್ಕೆ ಬಂದದ್ದು ಚಾರಿತ್ರ್ಯ, ವ್ಯಕ್ತಿತ್ವ ಎಂಬ ಸಭ್ಯ ಮಾತುಗಳು. ಅರ್ಜಿಯಲ್ಲಿ ಭಾವಚಿತ್ರ ಕೇಳಿದರು. ಹುಟ್ಟಿದ ಮೇಲೆ ನಿಮ್ಮ ಅಥವಾ ತಂದೆಯ ಹೆಸರು ಬದಲಾಗಿದೆಯೇ ಎಂದೂ ಕೇಳಿದರು! (ಈ ಪ್ರಶ್ನೆ ಬರೆದವರು ಏನು ಹುಡುಕುತ್ತಿದ್ದರೆಂದು ಬಿಡಿಸಿ ಹೇಳಬೇಕೇ?) ಯಹೂದಿಗಳ ಪಾಲು ಇಳಿಯಿತು. ಓಟದಲ್ಲಿ ಬೇಡದವನು ಗೆಲ್ಲುತ್ತಿರುವಾಗ ಕೊನೆಯ ಗೆರೆಯನ್ನೇ ಅಳಿಸಿ ಬೇರೆಡೆ ಎಳೆದಂತೆ.

ಅದೇ ಹಾರ್ವರ್ಡ್‌ನಲ್ಲಿ ಶತಮಾನದ ನಂತರ ಏಷ್ಯನ್ ಅಮೆರಿಕನ್ನರಿಗೆ ಪ್ರವೇಶಾಧಿಕಾರಿಗಳು ಕೊಡುವ ವ್ಯಕ್ತಿತ್ವದ ಅಂಕ ಕಡಿಮೆ ಬರುತ್ತಿತ್ತು. ಉದ್ದೇಶಪೂರ್ವಕ ತಾರತಮ್ಯಕ್ಕೆ ಪುರಾವೆ ಸಾಲದೆಂದು ಅದೇ ಮೊಕದ್ದಮೆಯಲ್ಲಿ 2019ರಲ್ಲಿ ಕೆಳ ನ್ಯಾಯಾಲಯ ಹೇಳಿತು, ನಿಜ. ಆದರೂ ನನ್ನ ಅನುಮಾನ ಹೋಗಿಲ್ಲ.

ಹಾಗೆಂದು ಪರೀಕ್ಷೆಯೊಂದೇ ಸಾಕು ಎನ್ನುವವನಲ್ಲ ನಾನು. ಮನೆಯ ಆದಾಯ ಏರಿದಂತೆ ಅಂಕವೂ ಏರುವುದು ಗೊತ್ತಿದ್ದದ್ದೇ. ತರಗತಿಯಲ್ಲಿ ಬೇರೆ ಬೇರೆ ಹಿನ್ನೆಲೆಯವರು ಇರಲೇಬೇಕು. ಅದಕ್ಕೆ ಟೆಕ್ಸಾಸ್ ಹಿಡಿದ ದಾರಿ ನನಗೆ ಹೆಚ್ಚು ಹಿಡಿಸುತ್ತದೆ: ರಾಜ್ಯದ ಪ್ರತಿ ಪ್ರೌಢಶಾಲೆಯ ಮೊದಲ ಶೇ 10ರಷ್ಟು ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. 1997ರ ಕಾನೂನು ಅದು. ದೂರದ ಊರಿನ ಹುಡುಗಿಗೂ ತಾನು ಎಲ್ಲಿ ನಿಲ್ಲಬೇಕೆಂಬುದು ಮೊದಲೇ ಗೊತ್ತು. ಇದರಲ್ಲೂ ಕಹಿಯಿದೆ. ಕಪ್ಪು, ಲ್ಯಾಟಿನೊ, ಬಿಳಿಯ ಮಕ್ಕಳು ಬಹಳ ಮಟ್ಟಿಗೆ ಬೇರೆ ಬೇರೆ ಶಾಲೆಗಳಲ್ಲಿ ಓದುವುದರಿಂದಲೇ ಈ ಸೂತ್ರ ವೈವಿಧ್ಯ ತರುತ್ತದೆ. ಆಸ್ಟಿನ್‌ನ ವಿಶ್ವವಿದ್ಯಾಲಯಕ್ಕೆ ಇದು ಭಾರವಾದಾಗ 2009ರಲ್ಲಿ ಶಾಸನಸಭೆ ಅಲ್ಲಿನ ನೇರ ಪ್ರವೇಶಕ್ಕೆ ಮಿತಿ ಹಾಕಿ ಕಾನೂನನ್ನು ತಿದ್ದಿತು. ಬೈದವರೂ ಬೆಂಬಲಿಸಿದವರೂ ಎದುರಿಗಿದ್ದ ಒಂದೇ ಸಂಖ್ಯೆಯನ್ನು ಹಿಡಿದು ವಾದಿಸಿದರು. ಹಾರ್ವರ್ಡ್‌ನ ಕಡತ ನೋಡಲು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಯಿತು.