ಡಬ್ಬ ಎತ್ತೋಕೆ ಮುಂಚೆ ಒಳಗೆ ನೋಡ್ರಪ್ಪಾ

ಬಳ್ಳಾರಿಯಲ್ಲಿ ಹೋಟೆಲ್ಲು, ಲಾಡ್ಜು, ಜೀನ್ಸ್ ಹೊಲಿಯೋ ಯೂನಿಟ್ಟು ಇಂಥಾ ಕಡೆ ಕಸ ಎತ್ತಿ ಒಳಗೇ ಒತ್ತೋ ಕಾಂಪ್ಯಾಕ್ಟರ್ ಗಾಡಿಗಳಿಗೆ ನಾನು ಸೂಪರ್‌ವೈಸರ್. ಹೊಸ ಹುಡುಗರು ಕೆಲಸಕ್ಕೆ ಬಂದ ದಿನಾನೇ ಹೇಳ್ತೀನಿ, ಡಬ್ಬದಾಗೆ ಮನುಷ್ಯರು ಮಲಗಿರ್ತಾರೆ, ನೋಡದೆ ಎತ್ತಬ್ಯಾಡ್ರಿ ಅಂತ. "ಆ ವಾಸನೆಗೆ ಯಾರ್ ಮಲಗ್ತಾರಣ್ಣ" ಅಂತಾರೆ.

ಮಲಗ್ತಾರೆ. 1100 ಲೀಟರಿನ ಚಕ್ರದ ಡಬ್ಬದಾಗೆ ಒಬ್ಬ ಆಳು ಮುದುರ್ಕೊಂಡು ಮಲಗೋಷ್ಟು ಜಾಗ ಐತೆ, ಮುಚ್ಚಳ ಎಳ್ಕೊಂಡ್ರೆ ಗಾಳಿ ಇಲ್ಲ ಮಳೆ ಇಲ್ಲ ನಾಯಿ ಕಾಟ ಇಲ್ಲ, ಯಾರೂ ಬಂದು ಎಬ್ಬಿಸಲ್ಲ. ಊಟದ ಕಸಕ್ಕೆ ಇಳಿಯೋರು ಕಮ್ಮಿ, ರಟ್ಟು ಬಟ್ಟೆ ಇರೋ ಒಣಕಸದ ಡಬ್ಬಾನೇ ಹುಡುಕ್ತಾರೆ, ನಮ್ಮೂರಲ್ಲಿ ಜೀನ್ಸ್ ಚಿಂದಿ ಬೇರೆ, ಹತ್ತಿ ಹಾಸಿಗೆ ಇದ್ದಂಗೆ ಇರುತ್ತೆ. ಬಳ್ಳಾರಿ ಅಂದ್ರೆ ಬಿಸಿಲೇ ನೆನಪಾಗುತ್ತೆ ಎಲ್ಲಾರಿಗೂ, ಡಿಸೆಂಬರ್ ಜನವರಿ ಬೆಳಗಿನ ಜಾವ ರಸ್ತೆ ಮೇಲೆ ಮಲಗೋರನ್ನ ಕೇಳ್ರಿ.

ಲಿಫ್ಟರ್ ಡಬ್ಬನ ಎತ್ತಿ ಹಾಪರ್‌ಗೆ, ಅಂದ್ರೆ ಗಾಡಿಯ ಕಸ ಬೀಳೋ ಬಾಯಿಗೆ, ಬೋರಲು ಸುರಿಯುತ್ತೆ, ಹಿಂದೇನೇ ಹೈಡ್ರಾಲಿಕ್ ಪ್ಲೇಟ್ ಬಂದು ಒಳಕ್ಕೆ ಒತ್ತುತ್ತೆ. ಎಂಜಿನ್ ಸದ್ದಿಗೆ ಒಳಗಿನ ಕೂಗು ಕೇಳಲ್ಲ. ಕೆಂಪು ಸ್ಟಾಪ್ ಬಟನ್ ಐತೆ, ಒಳಗೆ ಯಾರೋ ಇದ್ದಾರೆ ಅಂತ ಗೊತ್ತಾದ್ರೆ ತಾನೆ ಅದನ್ನ ಒತ್ತೋದು. ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್ ಊರಲ್ಲಿ 2016ರ ಸೆಪ್ಟೆಂಬರಲ್ಲಿ ವಾಯುಪಡೆಯ 23 ವರ್ಷದ ಹುಡುಗ ರಾತ್ರಿ ಕುಡಿದು ಹೊರಟೋನು ಕಾಣೆಯಾದ, ಶವ ಸಿಗಲೇ ಇಲ್ಲ, ಡಬ್ಬದೊಳಗೆ ಇಳಿದಿದ್ದ, ಗಾಡಿಗೆ ಸುರಿದಾಗ ಸತ್ತ ಅಂತ 2022ರಲ್ಲಿ ವಿಚಾರಣೆಯಾಗಿ ತೀರ್ಮಾನ ಆಯ್ತು. ಆ ಡಬ್ಬದ ಕಸ 11 ಕೆಜಿ ಅಂತ ಮೊದಲು ಲೆಕ್ಕ ಕೊಟ್ಟಿದ್ರು, ಆಮೇಲೆ ನೋಡಿದ್ರೆ ನೂರು ಕೆಜಿ ಮೇಲೆ, ಅಂದ್ರೆ ಒಳಗೆ ಒಬ್ಬ ಆಳು ಇರೋಷ್ಟು ತೂಕ. ಆ ಹುಡುಗನಿಗೆ ನೌಕರಿ ಇತ್ತು, ಇರೋಕೆ ಜಾಗ ಇತ್ತು, ಅದಕ್ಕೇ ಮನೆ ಇಲ್ದೋರು ಮಾತ್ರ ಅನ್ಕೋಬ್ಯಾಡ್ರಿ.

ನಮ್ಮಲ್ಲಿ ಸುಮಾರು ಜನ ಡಬ್ಬಕ್ಕೆ ಎರಡು ಸಲ ಬಡಿದು ಲಿವರ್ ಎಳೀತಾರೆ. ಬಡಿಯೋದು ಸಾಲಲ್ಲ. ಒಂದ್ ಚಳಿಗಾಲ ಜೀನ್ಸ್ ಯೂನಿಟ್ ಹಿಂದಿನ ಡಬ್ಬಕ್ಕೆ ನಮ್ಮ ಲೋಡರ್ ಹುಡುಗ ಜೋರಾಗಿ ಬಡಿದ, ಸದ್ದಿಲ್ಲ, ಆದ್ರೆ ಚಕ್ರದ ಪಕ್ಕ ಒಂದ್ ಜೊತೆ ಹವಾಯಿ ಚಪ್ಪಲಿ ನೀಟಾಗಿ ಬಿಟ್ಟಿದ್ವು. ಮುಚ್ಚಳ ತೆಗೆದು ಟಾರ್ಚ್ ಬಿಟ್ರೆ ಬರೀ ನೀಲಿ ಚಿಂದಿ. ಕೋಲಲ್ಲಿ ಮೆಲ್ಲಗೆ ಸರಿಸಿದಾಗ ಒಂದು ಪಾದ ಅಲುಗಾಡ್ತು. ಚಿಂದಿ ಆಯೋ ಹುಡುಗ. "ದಿನಾ ನಿಮ್ಮ ಗಾಡಿ ಸದ್ದಿಗೇ ಎದ್ದು ಹೋಗ್ತಿದ್ದೆ ಅಣ್ಣಾ, ಇವತ್ತು ಜ್ವರ, ಕೇಳಿಸ್ಲಿಲ್ಲ" ಅಂದ. ಅಂದ್ರೆ ದಿನಾ ಅಲ್ಲೇ ಮಲಗ್ತಿದ್ದ.

ಈಗ ನಮ್ಮ ಗಾಡಿಗಳಲ್ಲಿ ಪದ್ಧತಿ ಹಿಂಗೆ. ಮುಚ್ಚಳ ಪೂರ್ತಿ ತೆಗೀಬೇಕು, ಟಾರ್ಚ್ ಬಿಟ್ಟು ಮೂಲೆಮೂಲೆ ನೋಡಬೇಕು, ಬಟ್ಟೆ ರಟ್ಟು ತುಂಬಿದ್ರೆ ಮರದ ಕೋಲಲ್ಲಿ ಸರಿಸಬೇಕು, ಕಬ್ಬಿಣದ ರಾಡ್ ಹಾಕೋ ಹಂಗಿಲ್ಲ, ಡಬ್ಬನ ಒಂದ್ಸಲ ಅಲ್ಲಾಡಿಸಬೇಕು. ಕನ್ನಡ ತೆಲುಗು ಹಿಂದಿ ಮೂರರಲ್ಲೂ ಕೂಗ್ತೀವಿ, ಬಳ್ಳಾರಿಯಲ್ಲಿ ಯಾರು ಯಾವ ಕಡೆಯವರೋ. ನೋಡಿದೋನು ಕೈ ಎತ್ತಿದ ಮೇಲೇನೇ ಇನ್ನೊಬ್ಬ ಲಿವರ್ ಮುಟ್ಟಬೇಕು.

ಅಂಗಡಿ ಹೋಟೆಲ್ ಮಾಲೀಕರೇ, ರಾತ್ರಿ ಡಬ್ಬನ ಕಾಂಪೌಂಡ್ ಒಳಗೆ ಇಟ್ಕೊಳ್ರಿ ಇಲ್ಲಾ ಮುಚ್ಚಳಕ್ಕೆ ಬೀಗ ಹಾಕ್ರಿ, ಆದ್ರೆ ಬೀಗ ಹಾಕೋ ಮುಂಚೆ ಒಳಗೆ ನೋಡ್ರಿ. ಕಸ ಕಮ್ಮಿ ಆಗ್ಲಿ ಅಂತ ಬೆಂಕಿ ಹಚ್ಚೋದು ಬಿಟ್ಟೇಬಿಡ್ರಿ.

ಬರೀ ಬೀಗ ಹಾಕಿದ್ರೆ ಅವರು ಇನ್ನೊಂದು ಡಬ್ಬಕ್ಕೆ ಹೋಗ್ತಾರೆ, ಅದೂ ಗೊತ್ತಿರೋದೇ. ಲಕ್ಷ ಜನಸಂಖ್ಯೆಗೆ ಒಂದು ರಾತ್ರಿ ವಸತಿ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳೈತೆ, 2011ರ ಗಣತಿಯಲ್ಲೇ ಬಳ್ಳಾರಿ 4 ಲಕ್ಷ ಇತ್ತು, ಲೆಕ್ಕ ನೀವೇ ಹಾಕ್ರಿ. ಯಾರಾದ್ರೂ ಸಿಕ್ರೆ ನಮ್ಮ ಹುಡುಗರು ಬೈಯಲ್ಲ, ಎಳೆಯಲ್ಲ, ಎಂಜಿನ್ ಆಫ್ ಮಾಡಿ ತಾವಾಗೇ ಇಳಿಯೋಕೆ ಬಿಡ್ತಾರೆ, ಹುಷಾರಿಲ್ಲ ಅಂದ್ರೆ 108ಕ್ಕೆ, ಚಿಕ್ಕ ಮಕ್ಕಳಾದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡ್ತಾರೆ. ಯಾವ ಡಬ್ಬ, ಎಷ್ಟೊತ್ತಿಗೆ ಅಂತ ಟ್ರಿಪ್ ಶೀಟಲ್ಲಿ ಬರೀತಾರೆ, ಮಾರನೇ ದಿನದ ಗಾಡಿಯವರು ಅದನ್ನ ಓದ್ದೆ ಹೊರಡೋ ಹಂಗಿಲ್ಲ.