ಮೂವತ್ತು ಸೆಕೆಂಡಿಗೆ ನಾಲ್ಕು ಬ್ರಾಂಚು

ನಾನು ಬೆಂಗಳೂರಲ್ಲಿ ರೇಡಿಯೋ ಜಾಹೀರಾತು ಬರೆಯೋನು. ಮದುವೆ ಮನೇಲಿ ಯಾರಾದ್ರೂ ಏನ್ ಕೆಲಸ ಅಂತ ಕೇಳಿದ್ರೆ, ಹಾಡು ಮುಗಿದ ತಕ್ಷಣ ಸ್ಟೇಷನ್ ಚೇಂಜ್ ಮಾಡ್ತೀರಲ್ಲ, ಅದಕ್ಕೆ ಕಾರಣ ನಾನೇ ಅಂತೀನಿ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಶುರುವಾಗಿದ್ದು ನಮ್ಮೂರಲ್ಲೇ, ಅವತ್ತಿಂದ ಇಲ್ಲಿನ ಟ್ರಾಫಿಕ್ಕೇ ನಮ್ಮ ಅನ್ನದಾತ. ಜನ ಸಿಲ್ಕ್ ಬೋರ್ಡಲ್ಲಿ ನಿಂತಷ್ಟೂ ನಮಗೆ ಒಳ್ಳೇದು.

ಸ್ಟೇಷನ್ನೋರು ಟೈಮ್ ಮಾರೋದು 10 ಸೆಕೆಂಡ್ ಲೆಕ್ಕದಲ್ಲಿ. ಹಾಗಾಗಿ ದುಡ್ಡು ಕೊಡೋನಿಗೆ ಒಂದು ಸೆಕೆಂಡ್ ಸುಮ್ಮನಿದ್ರೂ ಹೊಟ್ಟೆ ಉರಿಯುತ್ತೆ. "ಅಲ್ಲಿ ಗ್ಯಾಪ್ ಇದೆಯಲ್ಲ ಸರ್, ರಾಜಾಜಿನಗರ ಬ್ರಾಂಚ್ ಹಾಕ್ಬಿಡಿ." ಆ ಗ್ಯಾಪಲ್ಲಿ ಆರ್ಟಿಸ್ಟು ಉಸಿರು ತಗೋತಿದಾರೆ ಸ್ವಾಮಿ ಅಂದ್ರೆ ಎಡಿಟಲ್ಲಿ ಉಸಿರು ತೆಗೀಬಹುದಲ್ವಾ ಅಂತಾರೆ, ತೆಗೀಬಹುದು, ತೆಗೀತೀವಿ ಕೂಡ, ಅದಕ್ಕೇ ರೇಡಿಯೋ ಜಾಹೀರಾತಲ್ಲಿ ಎಷ್ಟೋ ಜನ ಉಸಿರೇ ಆಡಲ್ಲ.

ಎಲ್ಲಕ್ಕಿಂತ ಕಷ್ಟ ಸೈಟ್ ಮಾರೋರದ್ದು. 2016ರ ರೇರಾ, ಅಂದ್ರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಪ್ರಕಾರ ಜಾಹೀರಾತಲ್ಲಿ ಪ್ರಾಜೆಕ್ಟಿನ ನೋಂದಣಿ ನಂಬರ್ ಇರಬೇಕು. ಪೇಪರಲ್ಲಾದ್ರೆ ಮೂಲೇಲಿ ಇರುವೆ ಸಾಲಿನ ಥರ ಹಾಕ್ಬಿಡಬಹುದು, ರೇಡಿಯೋಗೆ ಮೂಲೆ ಎಲ್ಲಿಂದ ತರೋದು? ಒಂದ್ಸಲ ನಮ್ಮ ವಾಯ್ಸ್ ಆರ್ಟಿಸ್ಟು "ಪಿಆರ್‌ಎಂ ಸ್ಲ್ಯಾಶ್ ಕೆಎ ಸ್ಲ್ಯಾಶ್ ರೇರಾ ಸ್ಲ್ಯಾಶ್" ಅಂತ ಶುರು ಮಾಡಿ, ಅಂಕಿಗಳು ಬರೋ ಹೊತ್ತಿಗೆ ಹೆಡ್‌ಫೋನ್ ತೆಗೆದಿಟ್ಟು ನೀರು ಕುಡಿದ್ರು. ಇನ್ನೂ ಕ್ಲಬ್‌ಹೌಸು, ಇಪ್ಪತ್ನಾಲ್ಕು ಗಂಟೆ ಸೆಕ್ಯುರಿಟಿ, ಏರ್‌ಪೋರ್ಟ್‌ಗೆ ಇಪ್ಪತ್ತೇ ನಿಮಿಷ (ಯಾವ ಯುಗದಲ್ಲಿ ಅಂತ ನಾವು ಕೇಳಲ್ಲ), ಫೋನ್ ನಂಬರ್ ಎರಡು ಸಲ, ಎಲ್ಲಾ ಬಾಕಿ.

ಹೊಸಬರಿಗೆ ನಾನು ಹೇಳೋದು ಇಷ್ಟೇ, ಸ್ಕ್ರಿಪ್ಟನ್ನ ಕ್ಲೈಂಟಿಗೆ ವಾಟ್ಸಾಪಲ್ಲಿ ಕಳಿಸಬೇಡಿ. ಕಣ್ಣಿಗೆ ಅದು ಯಾವಾಗ್ಲೂ ಚಿಕ್ಕದಾಗೇ ಕಾಣುತ್ತೆ, ಇನ್ನೆರಡು ಲೈನ್ ಸೇರಿಸಿ ವಾಪಸ್ ಕಳಿಸ್ತಾರೆ. ಫೋನ್ ಮಾಡಿ, ಗಡಿಯಾರ ನೋಡ್ಕೊಂಡು ಜೋರಾಗಿ ಓದಿ, ಆಮೇಲೆ ಎರಡು ನಿಮಿಷ ಪೇಮೆಂಟ್ ಬಗ್ಗೆ ಮಾತಾಡಿ, ಅದಾದ್ಮೇಲೆ ಏನ್ ನೆನಪಿದೆ ಸರ್ ಅಂತ ಕೇಳಿ. ಅಂಗಡಿ ಹೆಸರೊಂದು ಬಿಟ್ಟು ಅವರಿಗೂ ಏನೂ ನೆನಪಿರಲ್ಲ. ಆವಾಗ ಒಂದು ಬ್ರಾಂಚ್ ಕಮ್ಮಿ ಮಾಡೋಕೆ ಒಪ್ತಾರೆ, ಒಂದೇ.

ಮತ್ತೆ ಹಾರ್ನ್ ಸೌಂಡ್ ಬಳಸಬೇಡಿ, ಕೇಳ್ತಿರೋರಲ್ಲಿ ಎಷ್ಟೋ ಜನ ಗಾಡಿ ಓಡಿಸ್ತಿರ್ತಾರೆ, ಪಾಪ ಹಿಂದೆ ತಿರುಗಿ ನೋಡ್ತಾರೆ. ಕುಕ್ಕರ್ ವಿಷಲ್ ಆದ್ರೆ ಸೇಫು. ಒಗ್ಗರಣೆ ಸೌಂಡೂ ಬಹಳ ಉಪಯೋಗ, ಸಾಸಿವೆಯ ಚಟಪಟ ಸದ್ದನ್ನ ಎಡಿಟಲ್ಲಿ ಕತ್ತರಿಸಿ ಬರೀ ಚುಂಯ್ ಅನ್ನೋದನ್ನ ಓಡಿಸಿದ್ರೆ ಮಳೆ ಥರಾನೇ ಕೇಳುತ್ತೆ. ನಮ್ಮ ವಾಟರ್‌ಪ್ರೂಫಿಂಗ್ ಜಾಹೀರಾತಲ್ಲಿ ತಾರಸಿ ಮೇಲೆ ಸುರಿದಿದ್ದು ಯಾವುದೋ ಎಣ್ಣೆ.

ಇನ್ನು ನಮ್ಮ ಜಾಹೀರಾತುಗಳ ಖಾಯಂ ಗಂಡ ಹೆಂಡ್ತಿ. "ರೀ, ಪಕ್ಕದ್ಮನೆ ಅವರು ಹೊಸ ಮಾಡ್ಯುಲರ್ ಕಿಚನ್ ಮಾಡ್ಸಿದಾರೆ ಕಣ್ರೀ!" ಆಷಾಢದಲ್ಲಿ ಸೀರೆ ಡಿಸ್ಕೌಂಟು, ಅಕ್ಷಯ ತೃತೀಯಕ್ಕೆ ಒಡವೆ, ಮಧ್ಯದಲ್ಲಿ ಪ್ಲೈವುಡ್ಡು, ಈ ಸಂಸಾರದಲ್ಲಿ ಯಾರೂ ಯಾರಿಗೂ ಊಟ ಆಯ್ತಾ ಅಂತ ಕೇಳಿದ್ದಿಲ್ಲ.

ಚಿಕ್ಕಪೇಟೆ ಕಡೆಯ ಒಬ್ಬ ಸೀರೆ ಅಂಗಡಿ ಮಾಲೀಕರು ಜಾಹೀರಾತು ತಮ್ಮ ವಾಯ್ಸಲ್ಲೇ ಬರ್ಲಿ ಅಂತ ಹಠ ಹಿಡಿದ್ರು. ಮೈಕ್ ಮುಂದೆ ಕೈ ಮುಗಿದು ನಿಂತ್ರು, ಅವರ "ನಮಸ್ಕಾರಾ..." ಒಂದಕ್ಕೇ ನಾಲ್ಕು ಸೆಕೆಂಡ್ ಹೋಯ್ತು. ಆದ್ರೆ ಸತ್ಯ ಹೇಳ್ಬೇಕಂದ್ರೆ ಆ ಜಾಹೀರಾತು ಚೆನ್ನಾಗಿ ಓಡ್ತು, ಆ ರಾಗವಾದ ನಮಸ್ಕಾರ ಕೇಳೇ ಬಂದ್ವಿ ಅಂತ ಗಿರಾಕಿಗಳು ಹೇಳ್ತಿದ್ರಂತೆ, ನಮ್ಮ ಆರ್ಟಿಸ್ಟುಗಳಿಗೆ ಸ್ವಲ್ಪ ಉರೀತು. ದೀಪಾವಳಿ ಸೀಸನ್‌ಗೆ ಮತ್ತೆ ಫೋನ್ ಮಾಡಿದೆ. "ಮಾಡೋಣ, ಮಾಡೋಣ" ಅಂದ್ರು ಮಾಲೀಕರು, "ಈ ಸಲ ನನ್ನ ವಾಯ್ಸ್ ಚಾರ್ಜ್ ಎಷ್ಟು ಕೊಡ್ತೀರ ಹೇಳಿ."